ಮೈಕಿನಿಂದ ಹೆಡ್‌ಫೋನಿನವರೆಗೆ

ಇವತ್ತು ನನ್ನ ದನಿ ಮೈಕಿನಿಂದ ಪುಟ್ಟ ಎಲೆಕ್ಟ್ರಾನಿಕ್ಸ್ ಬೋರ್ಡಿಗೆ ಹೋಗಿ, ಹೆಡ್‌ಫೋನಿನಲ್ಲಿ ವಾಪಸ್ ಬಂತು. ಬರೀ "ಹಲೋ". ಆದರೂ ಎಷ್ಟು ಖುಷಿಯಾಯ್ತು!

ಪ್ರಾಜೆಕ್ಟ್ ಶುರು ಮಾಡಿದ್ದು ಆರ್ಡುಯಿನೊ ಉನೊ ಎಂಬ ಬೋರ್ಡಿನಲ್ಲಿ. ಅದರ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) 10 ಬಿಟ್, ಅಂದರೆ 1024 ಹಂತ. 5 ವೋಲ್ಟನ್ನು 1024 ಮೆಟ್ಟಿಲು ಮಾಡಿದರೆ ಒಂದೊಂದು ಮೆಟ್ಟಿಲು ಸುಮಾರು 5 ಮಿಲಿವೋಲ್ಟ್. ಮಾತಾಡಿದಾಗ ಮೈಕ್ ಕೊಡುವುದೇ ಕೆಲವು ಮಿಲಿವೋಲ್ಟ್! ನಡುವೆ ಆಂಪ್ಲಿಫೈಯರ್ ಇಲ್ಲದೆ ಏನು ತಾನೇ ಕೇಳಿಸೀತು? ನಾನು ಸುಮ್ನೆ ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂತಿದ್ದೆ.

ಆಮೇಲೆ ಇನ್ನೊಂದು ಪಾಠ. ಸೆಕೆಂಡಿಗೆ 8000 ಸ್ಯಾಂಪಲ್ (ದನಿಯ ಒಂದೊಂದು ಅಳತೆ) ತೆಗೆಯುವಾಗ 5000 ಹರ್ಟ್ಸ್‌ನ ಶಿಳ್ಳೆ ಹಾಕಿದರೆ, ಅದು 3000 ಹರ್ಟ್ಸ್ ಆಗಿ ಕಾಣುತ್ತದೆ. ಒಮ್ಮೆ ಹೀಗೆ ಸೇರಿಕೊಂಡ ಸುಳ್ಳು ದನಿಯನ್ನು ಆಮೇಲೆ ಬೇರ್ಪಡಿಸಲು ಆಗುವುದಿಲ್ಲ. ಎಡಿಸಿಗೆ ಮುಂಚೆಯೇ ಇಂಥ ಎತ್ತರದ ದನಿಗಳನ್ನು ತಡೆಯುವ ಫಿಲ್ಟರ್ ಇರಬೇಕು.

ಈಗ ಟೀನ್ಸಿ 4.0 ಎಂಬ ಇನ್ನೊಂದು ಬೋರ್ಡ್, ಅದರ ಮೇಲೆ ಆಡಿಯೋ ಶೀಲ್ಡ್ ಎಂಬ ದನಿಯ ಬೋರ್ಡ್. ಅದರಲ್ಲಿರುವ ಕೋಡೆಕ್ ಚಿಪ್ಪೇ ಮೈಕ್ ಸಿಗ್ನಲ್ ದೊಡ್ಡದು ಮಾಡಿ, ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ 44.1 ಕಿಲೋಹರ್ಟ್ಸ್‌ನಲ್ಲಿ ಅಂಕಿಗಳಾಗಿಸುತ್ತದೆ. ಹೊಸದಾಗಿ ಶುರು ಮಾಡುವವರು ಕೋಡೆಕ್ ಇರುವ ಬೋರ್ಡನ್ನೇ ತಗೊಳ್ಳಿ. ಮೊದಲ ದಿನ ಎಫೆಕ್ಟ್ ಏನೂ ಬೇಡ, ಒಳಗೆ ಬಂದ ದನಿ ಹಾಗೇ ಹೊರಗೆ ಬಂದರೆ ಸಾಕು.

ಟೀನ್ಸಿಯ ಆಡಿಯೋ ಲೈಬ್ರರಿ (ಸಿದ್ಧ ಕೋಡ್) 128 ಸ್ಯಾಂಪಲ್‌ಗಳನ್ನು ಒಟ್ಟಿಗೆ ತಗೊಳ್ಳುತ್ತದೆ. ಅಂದರೆ 2.9 ಮಿಲಿಸೆಕೆಂಡ್. "ಹಲೋ" ಅನ್ನುವಷ್ಟರಲ್ಲಿ ಇಂಥ ನೂರಕ್ಕೂ ಹೆಚ್ಚು ತುಂಡುಗಳು ಹಾದುಹೋಗಿರುತ್ತವೆ, ಅಲ್ವಾ? ಅದನ್ನೇ ಯೋಚಿಸುತ್ತಾ ಇನ್ನೂ ಹತ್ತು ಸಲ "ಹಲೋ" ಅಂದೆ.