ಪೆನಾಲ್ಟಿ ಕಾರ್ನರ್ ಹೊತ್ತಿಗೆ ಕ್ಯಾಮೆರಾ ಎಲ್ಲಿರಬೇಕು?

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡ ಗ್ರಾಮದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಹೆಣ್ಣುಮಕ್ಕಳು ಮನೆತನದ ತಂಡದೊಳಗೆ ಗಂಡಸರ ಜೊತೆಗೇ ಸ್ಟಿಕ್ ಹಿಡಿದು ಇಳಿಯುತ್ತಾರೆ. ಎಷ್ಟು ಹೆಮ್ಮೆಪಟ್ಟರೂ ಸಾಲದು. ಆದರೆ ಕೊಡಗಿನ ಯಾವುದೇ ಟೂರ್ನಿ ಮುಗಿದ ಸಂಜೆ ಫೇಸ್‌ಬುಕ್ ಪುಟಗಳನ್ನು ತೆರೆದು ನೋಡಿ. ಗಂಡಸರದ್ದು ಗೋಲ್ ಹೊಡೆಯುವ ಫೋಟೊ. ಆಟಗಾರ್ತಿಯದ್ದು ಕೂದಲು ಸರಿಮಾಡಿಕೊಳ್ಳುವುದು, ಇಲ್ಲವೇ ಬಗ್ಗಿ ನಿಂತಾಗ ಹಿಂದಿನಿಂದ ತೆಗೆದದ್ದು. ಚೆಂಡಿನ ಸುಳಿವೇ ಇಲ್ಲ. ಇದಕ್ಕೆಲ್ಲ ಕೆಟ್ಟ ಮನಸ್ಸೇ ಕಾರಣ ಅನ್ನಲಾರೆ. ಎಲ್ಲಿ ಕೂತರು, ಯಾವಾಗ ಬಟನ್ ಒತ್ತಿದರು, ಹೇಗೆ ಕ್ರಾಪ್ ಮಾಡಿದರು ಎನ್ನುವುದರಲ್ಲೇ ಮುಕ್ಕಾಲು ಪಾಲು ತಪ್ಪು ಅಡಗಿದೆ. ತಿದ್ದಬೇಕಾದ್ದೂ ಅಲ್ಲೇ.

ಹಾಕಿ ಸೊಂಟ ಬಗ್ಗಿಸಿಯೇ ಆಡುವ ಆಟ. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲ್ ಕಂಬದಿಂದ ಕನಿಷ್ಠ 10 ಮೀಟರ್ ದೂರ, ಬ್ಯಾಕ್‌ಲೈನ್ (ಗೋಲ್ ಇರುವ ತುದಿಯ ಗೆರೆ) ಮೇಲೆ ಚೆಂಡಿಟ್ಟು ಒಬ್ಬಾಕೆ ಒಳಕ್ಕೆ ತಳ್ಳುತ್ತಾಳೆ. ಫೋಟೊಗ್ರಾಫರ್ ಅವಳ ಬೆನ್ನ ಹಿಂದೆಯೇ ಕೂತಿದ್ದರೆ 70–200 ಎಂಎಂ ಜೂಮ್ ಲೆನ್ಸಿನ ಚೌಕಟ್ಟಿನ ತುಂಬ ಅವಳ ಸೊಂಟ, ತೊಡೆ ಬಿಟ್ಟು ಬೇರೇನೂ ಬರುವುದಿಲ್ಲ. ಚೆಂಡು ಗೋಲಿನ ಎಡಕ್ಕಿದ್ದರೆ ನೀವು ಬಲಕ್ಕೆ ಹೋಗಿ, ಕಂಬದಿಂದ ದೂರ ಸರಿದು, ಗೆರೆಯಿಂದ ಮೂರು ನಾಲ್ಕು ಮೀಟರ್ ಹಿಂದೆ ಕೂತುಕೊಳ್ಳಿ. ಫ್ಲಿಕ್ ಹೊಡೆಯುವವಳು, ಅಂದರೆ ಆ ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಚಿಮ್ಮಿಸುವವಳು, ಡಿ (ಗೋಲಿನ ಮುಂದಿನ ಅರ್ಧವೃತ್ತ) ಅಂಚಿನಿಂದ ಗೋಲಿನತ್ತ ಮುಖಮಾಡಿಯೇ ಬರುತ್ತಾಳೆ. ಅವಳ ಕಣ್ಣು, ಮಣಿಕಟ್ಟು, ಸ್ಟಿಕ್, ಚೆಂಡು ನಾಲ್ಕೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ನೆಲಕ್ಕೆ ಮಲಗಿ ತೆಗೆಯುವ ಅಭ್ಯಾಸವಿದ್ದರೆ ಸ್ಕರ್ಟ್ ತೊಟ್ಟವರ ಆಟಕ್ಕೆ ಅದು ಬೇಡ. ಪುಟ್ಟ ಸ್ಟೂಲ್ ಹಾಕಿಕೊಂಡು ಲೆನ್ಸನ್ನು ಸೊಂಟದ ಎತ್ತರಕ್ಕೆ ತನ್ನಿ.

ಶಟರ್ ವೇಗ 1/1000 ಸೆಕೆಂಡ್‌ಗಿಂತ ಇಳಿಯಕೂಡದು, ಫ್ಲಿಕ್‌ಗೆ 1/1600 ಇದ್ದರೆ ಒಳ್ಳೆಯದು. ಏಪ್ರಿಲ್–ಮೇ ಸಂಜೆ ನಮ್ಮಲ್ಲಿ ಮೋಡ ಕವಿದರೆ ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 3200ಕ್ಕೆ ಏರಿಸಲೇಬೇಕು, ಫೋಟೊದಲ್ಲಿ ಸ್ವಲ್ಪ ಕಾಳು ಕಾಳು ಬಂದರೂ ಚಿಂತೆಯಿಲ್ಲ. ಹೆದರಿ 1/250ರಲ್ಲಿ ತೆಗೆದರೆ ಓಟದ ಚಿತ್ರಗಳೆಲ್ಲ ಮಸುಕಾಗಿ, ಕೊನೆಗೆ ಚೊಕ್ಕವಾಗಿ ಉಳಿಯುವುದು ಸುಮ್ಮನೆ ನಿಂತವರ ಫೋಟೊ ಮಾತ್ರ. ಕೂದಲು ಸರಿಮಾಡಿಕೊಳ್ಳುವ ಫೋಟೊಗಳು ಅಷ್ಟೊಂದು ಬರುವುದಕ್ಕೆ ಇದೂ ಒಂದು ಕಾರಣ.

ಕ್ರಾಪ್ ಮಾಡುವಾಗ ಕಣ್ಣು, ಸ್ಟಿಕ್, ಚೆಂಡು ಈ ಮೂರರಲ್ಲಿ ಎರಡಾದರೂ ಇಲ್ಲದಿದ್ದರೆ ಆ ಫೋಟೊ ಕೈಬಿಡಿ. ಇನ್‌ಸ್ಟಾಗ್ರಾಮ್‌ಗೆಂದು ಅಡ್ಡ ಚಿತ್ರವನ್ನು ಉದ್ದಕ್ಕೆ ಕತ್ತರಿಸಿದರೆ ಚಾಚಿದ ಸ್ಟಿಕ್ ಹೊರಗೆ ಹೋಗಿ ಮೈ ಮಾತ್ರ ಉಳಿಯುತ್ತದೆ, ಅಡ್ಡವಾಗಿಯೇ ಹಾಕಿ. ನೇರಪ್ರಸಾರ ಮಾಡುವವರು ಥಂಬ್‌ನೇಲನ್ನು (ವಿಡಿಯೊದ ಮುಖಚಿತ್ರ) ಯೂಟ್ಯೂಬ್ ಆರಿಸಿಕೊಟ್ಟದ್ದಕ್ಕೆ ಬಿಡದೆ, ಗೋಲ್ ಆದ ಕ್ಷಣದ್ದನ್ನು ತಾವೇ 1280×720 ಅಳತೆಯಲ್ಲಿ ಮಾಡಿ ಹಾಕಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪ್ರಸಾರದ ಮುಖ್ಯಸ್ಥರೇ ಕ್ಯಾಮೆರಾದವರಿಗೆ ಹೆಣ್ಣು ಗಂಡು ಇಬ್ಬರನ್ನೂ ಒಂದೇ ರೀತಿ ಚಿತ್ರಿಸಿ ಎಂದು ಹೇಳಬೇಕಾಯಿತು ಎಂದರೆ, ನಮ್ಮ ಮೈದಾನದಲ್ಲಿ ಹೇಳುವುದಕ್ಕೆ ಸಂಕೋಚವೇಕೆ?

ಇನ್ನು ಬರಹ. ಗಂಡಸಾದರೆ ‘ಕೊಡಗಿನ ಕಲಿ’, ಹೆಣ್ಣಾದರೆ ‘ಕೊಡಗಿನ ಬೆಡಗಿ’. ಪಿ.ಟಿ. ಉಷಾ ಅವರನ್ನೇ ಟ್ರ್ಯಾಕಿನಲ್ಲಿ ಹಿಂದಿಕ್ಕಿದ, 1988ರ ಅರ್ಜುನ ಪ್ರಶಸ್ತಿ ಪಡೆದ ಅಶ್ವಿನಿ ನಾಚಪ್ಪ ಅವರ ಓಟಕ್ಕಿಂತ ಅವರ ಉಡುಪು, ಚೆಲುವಿನ ಮಾತೇ ಹೆಚ್ಚಾಗಿತ್ತು. ಕೌಟುಂಬಿಕ ಹಾಕಿಯಲ್ಲಿ ಇನ್ನೊಂದು ತೊಡಕಿದೆ. ತಂಡದಲ್ಲಿ ಎಲ್ಲರ ಮನೆಹೆಸರೂ ಒಂದೇ, ಆಟಗಾರ್ತಿಯ ಹೆಸರು ಬರೆಯುವವನಿಗೆ ಗೊತ್ತಿರುವುದಿಲ್ಲ, ಹಾಗಾಗಿ ಶೀರ್ಷಿಕೆಗೆ ‘ಚೆಲುವೆ’ ಬಂದು ಕೂರುತ್ತಾಳೆ. ಪಂದ್ಯಕ್ಕೆ ಮೊದಲೇ ಟೀಮ್ ಶೀಟಿನ ಫೋಟೊ ತೆಗೆದಿಟ್ಟುಕೊಂಡರೆ ಜೆರ್ಸಿ ನಂಬರ್ ನೋಡಿ ಹೆಸರು ಬರೆಯಬಹುದು. ‘ಗಂಡಸರ ಸಮಕ್ಕೆ ಆಡಿದಳು’ ಎನ್ನುವ ಕಾಮೆಂಟರಿ ಹೊಗಳಿಕೆಯಲ್ಲ. ‘ರಿವರ್ಸ್ ಸ್ಟಿಕ್‌ನಲ್ಲಿ (ಸ್ಟಿಕ್ ತಿರುಗಿಸಿ ಹಿಡಿದು) ಇಬ್ಬರನ್ನು ದಾಟಿದಳು’ ಅನ್ನಿ, ಆಟ ಕಣ್ಣಿಗೆ ಕಟ್ಟುತ್ತದೆ.

ಉಡುಪಿನ ವಿಷಯದಲ್ಲಿ ತಪ್ಪು ಸಂಘಟಕರದ್ದು. 2011ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ ಆಟದ ಆಕರ್ಷಣೆ ಹೆಚ್ಚಲೆಂದು ಆಟಗಾರ್ತಿಯರಿಗೆ ಸ್ಕರ್ಟ್ ಕಡ್ಡಾಯ ಮಾಡಹೊರಟಿತ್ತು. ನಮ್ಮ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೊತೆಗೂಡಿ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದದ್ದು ಅದೇ ವರ್ಷ. ಆಟದ ಆಕರ್ಷಣೆ ಇದ್ದದ್ದು ಆ ಪದಕದಲ್ಲಿ. ವಿರೋಧ ಬಂದು 2012ರಲ್ಲಿ ನಿಯಮ ಬಿಟ್ಟರು. 2021ರಲ್ಲಿ ಬಿಕಿನಿ ಬದಲು ಶಾರ್ಟ್ಸ್ ತೊಟ್ಟು ಆಡಿದ್ದಕ್ಕೆ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ತಂಡಕ್ಕೆ 1,500 ಯೂರೊ ದಂಡ ಬಿತ್ತು. ಅದೇ ವರ್ಷ ಆ ನಿಯಮವೂ ಬದಲಾಯಿತು.

ನಮ್ಮಲ್ಲಿ ದಂಡವಿಲ್ಲ, ಬರೀ ಉದಾಸೀನ. ಗಂಡಸರ ಅಳತೆಯ ಸೆಟ್ಟನ್ನೇ ಸಣ್ಣ ಸೈಜಿನಲ್ಲಿ ತರಿಸಿದರೆ ಭುಜಕ್ಕೆ ಜೋಲು, ಸೊಂಟದ ಕೆಳಗೆ ಬಿಗಿ. ಬಗ್ಗಿದಾಗ ಜೆರ್ಸಿ ಮೇಲೇರುತ್ತದೆ, ಆಡುವವಳ ಒಂದು ಕೈ ಅದನ್ನು ಎಳೆಯುವುದರಲ್ಲೇ ಇರುತ್ತದೆ. ಎದೆ ಮತ್ತು ಹಿಪ್ ಎರಡೂ ಅಳತೆ ಬೇರೆ ಬೇರೆ ಬರೆದುಕೊಡಿ, ಜೆರ್ಸಿಯ ಉದ್ದ ಎರಡು ಇಂಚು ಹೆಚ್ಚಿಡಿಸಿ. ಸ್ಕರ್ಟ್, ಶಾರ್ಟ್ಸ್ ಎರಡನ್ನೂ ಒಂದೇ ಬಣ್ಣದಲ್ಲಿ ತರಿಸಿ, ಯಾವುದು ಬೇಕೋ ಅವರೇ ಆರಿಸಿಕೊಳ್ಳಲಿ. ಬಿಳಿ ಶಾರ್ಟ್ಸ್ ಬೇಡವೇ ಬೇಡ: ಮುಟ್ಟಿನ ದಿನ ಆಡುವವರಿಗೆ ಅದರದ್ದೇ ಚಿಂತೆ, ಮಳೆ ಬಂದರೆ ಒಳಗಿನದ್ದೆಲ್ಲ ಕಾಣುತ್ತದೆ. ಆರ್ಡರ್ ಕೊಡುವ ಮೊದಲು ಜೆರ್ಸಿ ಬಟ್ಟೆಯ ಒಂದು ತುಂಡನ್ನು ಒದ್ದೆ ಮಾಡಿ ಅಂಗೈ ಮೇಲೆ ಹಾಸಿ ನೋಡಿ. ಬೆರಳ ಗೆರೆ ಕಂಡರೆ ಆ ಬಟ್ಟೆ ವಾಪಸ್ ಕಳಿಸಿ, ಇನ್ನೂ ದಪ್ಪದ್ದು ಕೇಳಿ.