ಎರಡನೇ ದೀಪ

ನಮ್ಮ ಭೌತಶಾಸ್ತ್ರದ ಮೇಷ್ಟ್ರು ಈ ವರ್ಷ ತೀರಿಕೊಂಡರು. ಅವರ ಬಗ್ಗೆ ಬರೆದುಕೊಡಿ ಎಂದು ಸಂಚಿಕೆಯ ಸಂಪಾದಕರು ಕೇಳಿದರು. ಪಠ್ಯದಲ್ಲಿ ಏನಿತ್ತೋ ಹೆಚ್ಚುಕಡಿಮೆ ಮರೆತೇ ಹೋಗಿದೆ. ಕತ್ತಲೆ ಕೋಣೆಯ ಆ ಮಧ್ಯಾಹ್ನ ಮಾತ್ರ ಚೆನ್ನಾಗಿ ನೆನಪಿದೆ.

ದೀಪದ ಎದುರು ಬೆಳಕು ಅಳೆಯುವ ಫೋಟೋಸೆಲ್ ಇಟ್ಟು ರೀಡಿಂಗ್ ತೆಗೆಯುವ ಪ್ರಯೋಗ ಅದು. ನನ್ನ ಗೆಳೆಯನೂ ನಾನೂ ದೀಪದ ಸ್ಟ್ಯಾಂಡಿಗೆ ಕಪ್ಪು ದಾರ ಕಟ್ಟಿದ್ದೆವು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ದೀಪವನ್ನು ಚೂರು ಚೂರೇ ಮುಂದಕ್ಕೆ ಎಳೆಯುತ್ತಿದ್ದೆವು. ಮುಳ್ಳು ಮೇಲೇರುತ್ತಲೇ ಇತ್ತು. ಕ್ಲಾಸಿನಲ್ಲಿ ಗುಸುಗುಸು ನಗು.

ಮೇಷ್ಟ್ರು ರೇಗಲಿಲ್ಲ. "ಬದಲಾಗಿದ್ದು ದೀಪವೋ, ಫೋಟೋಸೆಲ್ಲೋ? ಹೇಳ್ರಪ್ಪಾ" ಎಂದರು. ಯಾರೂ ಬಾಯಿ ಬಿಡಲಿಲ್ಲ. ಅವರು ಮೊದಲೇ ಅಳೆದಿಟ್ಟಿದ್ದ ಇನ್ನೊಂದು ದೀಪವನ್ನು ತಂದು ಅದೇ ಫೋಟೋಸೆಲ್ ಎದುರು ಇಟ್ಟರು. ಹಳೆಯ ರೀಡಿಂಗೇ ಬಂತು. "ಸೆಲ್ ಸರಿಯಾಗಿದೆ. ಹಾಗಾದ್ರೆ ದೀಪವನ್ನೇ ನೋಡಬೇಕು" ಎಂದು ಬಗ್ಗಿದವರ ಕೈಗೆ ದಾರ ಸಿಕ್ಕಿತು. ಶಿಕ್ಷೆ ಏನು ಗೊತ್ತಾ? ದೀಪ ಎಷ್ಟು ದೂರ ಸರಿದಿದೆ ಎಂದು ಸ್ಕೇಲ್ ಮುಟ್ಟದೆ, ರೀಡಿಂಗಿನಿಂದಲೇ ಲೆಕ್ಕ ಹಾಕಿ ಹೇಳಬೇಕು. ಇಡೀ ಕ್ಲಾಸಿನಲ್ಲಿ ಸರಿಯಾದ ಉತ್ತರ ಬಂದಿದ್ದು ನನ್ನದೊಬ್ಬನದೇ. ಆ ಹೆಮ್ಮೆ ಇವತ್ತಿಗೂ ಇದೆ.

ಮುಂದೆ ನಾನು ಹಿಡಿದದ್ದು ಒಂಟಿ ನ್ಯೂಟ್ರಾನ್ ನಕ್ಷತ್ರಗಳ ಕೆಲಸ. ಸೂರ್ಯನಿಗಿಂತ ಜಾಸ್ತಿ ತೂಕ ಒಂದು ಊರಿನಷ್ಟು ಜಾಗದಲ್ಲಿ ತುಂಬಿಕೊಂಡಿರುವ ಗೋಳಗಳಿವು. ಪಕ್ಕದಲ್ಲಿ ಅನಿಲ ಸುರಿಯುವ ಜೊತೆಗಾರ ನಕ್ಷತ್ರ ಇಲ್ಲ. ಮೈಯ ಬಿಸಿಯೇ ಎಕ್ಸ್-ರೇ ಆಗಿ ಹೊರಬರುತ್ತದೆ. ರೋಸ್ಯಾಟ್ ಎಂಬ ಎಕ್ಸ್-ರೇ ಉಪಗ್ರಹದ ದತ್ತಾಂಶದಲ್ಲಿ ಇಂಥ ಏಳು ಸಿಕ್ಕಿದವು. ನಿಧಾನವಾಗಿ ತಣ್ಣಗಾಗುವುದು ಬಿಟ್ಟರೆ ಇವುಗಳಲ್ಲಿ ಬೇರೇನೂ ಬದಲಾಗುವುದಿಲ್ಲ ಎಂದೇ ಎಲ್ಲರೂ ನಂಬಿದ್ದರು.

ಆದರೆ ಅವುಗಳಲ್ಲಿ ಒಂದು, ಆರ್‌ಎಕ್ಸ್ ಜೆ0720, ಬದಲಾಯಿತು. ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕ 2000ರಲ್ಲಿ ಅಳೆದಾಗ ಅದರ ತಾಪ ಸುಮಾರು 86 ಎಲೆಕ್ಟ್ರಾನ್ ವೋಲ್ಟ್, ಅಂದರೆ ಹತ್ತು ಲಕ್ಷ ಡಿಗ್ರಿಯಷ್ಟು. 2004ರ ಹೊತ್ತಿಗೆ ಅದು 94ರ ಹತ್ತಿರ ಬಂದಿತ್ತು. ಉಪಕರಣವೇ ಕೆಟ್ಟಿರಬಹುದಲ್ವಾ? ಇಲ್ಲ. ಅದೇ ದೂರದರ್ಶಕಕ್ಕೆ ಆ ಏಳರಲ್ಲೇ ಇನ್ನೊಂದಾದ ಆರ್‌ಎಕ್ಸ್ ಜೆ1856 ಮೊದಲಿನ ಹಾಗೇ ಕಾಣುತ್ತಿತ್ತು. ಅದು ಎಷ್ಟು ಸ್ಥಿರ ಅಂದರೆ, ಉಪಕರಣ ಸರಿಯಿದೆಯೇ ಎಂದು ನೋಡಲು ಅದನ್ನೇ ಬಳಸುತ್ತಾರೆ. 7.06 ಸೆಕೆಂಡಿಗೊಮ್ಮೆ ಅದರ ಬೆಳಕು ಏರಿಳಿಯುವುದು 2007ರಲ್ಲಿ ಪತ್ತೆಯಾಯಿತು. ಆದರೆ ಆ ಏರಿಳಿತ ಬರೀ ಶೇಕಡಾ 1ರಷ್ಟು. ಮೇಷ್ಟ್ರ ಎರಡನೇ ದೀಪ ಆಕಾಶದಲ್ಲೂ ಇತ್ತು.

0720 ಯಾಕೆ ಬಿಸಿಯಾಯಿತು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ಅದರ ಅಕ್ಷ ಏಳು ವರ್ಷಕ್ಕೊಮ್ಮೆ ಓಲಾಡುತ್ತಿದೆ ಎಂದು ಕೆಲವರು ಹೇಳಿದರು. ಆಮೇಲಿನ ವೀಕ್ಷಣೆಗಳು ಅದಕ್ಕೆ ಸರಿಹೊಂದಲಿಲ್ಲ. ತಿರುಗುವ ವೇಗ ತಟ್ಟನೆ ಜಿಗಿದಿರಬಹುದು, ಮೇಲಿಂದ ಏನೋ ಬಿದ್ದಿರಬಹುದು ಎಂಬ ವಾದಗಳೂ ಇವೆ. ನನಗೆ ಜಾಸ್ತಿ ಒಪ್ಪಿಗೆಯಾಗುವುದು ವೇಗದ ಜಿಗಿತ.

ಇನ್ನೊಂದು ನಕ್ಷತ್ರದ ಕಥೆ ಇದಕ್ಕೆ ಉಲ್ಟಾ. ಕ್ಯಾಸಿಯೋಪಿಯಾ ಎ ಸ್ಫೋಟದ ಅವಶೇಷದ ನಡುವೆ ಇರುವ ನ್ಯೂಟ್ರಾನ್ ನಕ್ಷತ್ರ ಹತ್ತು ವರ್ಷದಲ್ಲಿ ಶೇಕಡಾ 4ರಷ್ಟು ತಣ್ಣಗಾಗಿದೆ ಎಂದು 2010ರಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ಅದನ್ನು ಅಳೆದಿದ್ದ ಚಂದ್ರಾ ಎಕ್ಸ್-ರೇ ದೂರದರ್ಶಕದ ಡಿಟೆಕ್ಟರಿನದೇ ಬದಲಾವಣೆಗಳನ್ನು ಲೆಕ್ಕಕ್ಕೆ ಹಿಡಿದಾಗ ಆ ಸಂಖ್ಯೆ ಕಡಿಮೆಯಾಯಿತು.

ಈಗ ನನ್ನ ಹತ್ತಿರ ಬರುವ ಹುಡುಗರು ಜಾಣರು. ಸಾಫ್ಟ್‌ವೇರ್ ನನಗಿಂತ ಚೆನ್ನಾಗಿ ಓಡಿಸುತ್ತಾರೆ. ಆದರೆ ಬಂದ ಸಂಖ್ಯೆಯನ್ನು ಅನುಮಾನಿಸುವುದನ್ನು ಅವರಿಗೆ ಯಾರೂ ಕಲಿಸಿಲ್ಲ. ಪ್ರಾಕ್ಟಿಕಲ್ ಅಂದರೆ ರೆಕಾರ್ಡ್ ಬುಕ್ ತುಂಬಿಸುವುದು ಅಂತಾಗಿದೆ. ನನಗೆ ಬೇಜಾರಾಗುವುದು ಅದಕ್ಕೇ. ಹಾಗಾಗಿ ಅವರಿಗೆ ಮೊದಲು 1856ರ ದತ್ತಾಂಶವನ್ನೇ ಕೊಡುತ್ತೇನೆ. ಅದು ಸ್ಥಿರವಾಗಿ ಬರುವ ತನಕ 0720ನ್ನು ಮುಟ್ಟಲು ಬಿಡುವುದಿಲ್ಲ. ಎರಡರ ದತ್ತಾಂಶವೂ ಎಕ್ಸ್‌ಎಂಎಂ-ನ್ಯೂಟನ್ ಭಂಡಾರದಲ್ಲಿ ಯಾರಿಗೆ ಬೇಕಾದರೂ ಸುಮ್ನೆ ಸಿಗುತ್ತದೆ. ನಾವು ಓದಿದ ವಿಭಾಗದಲ್ಲೂ ಈ ಪ್ರಯೋಗ ಶುರು ಮಾಡುವುದಾದರೆ, ಬಂದು ಹೇಳಿಕೊಡಲು ನಾನು ತಯಾರಿದ್ದೇನೆ.