ಬೋಗುಣಿಯ ತಳದಲ್ಲಿ ನಿಲ್ಲುವ ನೀರು: ಹಣ್ಣು-ಸೊಪ್ಪಿನ ಸಲಾಡಿನ ಆರು ವಾರಗಳ ದಿನಚರಿ

ಮೊದಲ ವಾರ

ಹಸಿ ಸೊಪ್ಪು ಹಾಗೂ ತಾಜಾ ಹಣ್ಣುಗಳ ಸಲಾಡನ್ನು ಮನೆಯಲ್ಲೇ ಕಲಸಿದ ಡ್ರೆಸಿಂಗಿನೊಂದಿಗೆ ಮಾಡುವುದೆಂದರೆ ಇಷ್ಟು ದಿನ ನನ್ನ ಪಾಲಿಗೆ ಹೆಚ್ಚುವ, ಸುರಿಯುವ, ಕಲಸುವ ಕೆಲಸವಷ್ಟೇ ಆಗಿತ್ತು. ಮೊದಲ ತುತ್ತಿಗೆ ಚೆನ್ನಾಗಿಯೇ ಇರುತ್ತಿದ್ದ ಸಲಾಡು ಅರ್ಧ ಮುಗಿಯುವಷ್ಟರಲ್ಲಿ ಸಪ್ಪೆಯಾಗಿ, ಕೊನೆಗೆ ಬೋಗುಣಿಯ ತಳದಲ್ಲಿ ಹುಳಿಯೂ ಅಲ್ಲದ, ಸಿಹಿಯೂ ಅಲ್ಲದ ನೀರು ಉಳಿಯುತ್ತಿತ್ತು. ಈ ವಾರ ಅದನ್ನು ಅಳೆದೇ ನೋಡಿದೆ. ಇಬ್ಬರಿಗೆ ಸಾಕಾಗುವ ಸಲಾಡಿನಿಂದ ಐದು ಟೀ ಚಮಚ ನೀರು ಬಸಿಯಿತು. ನಾನು ಹಾಕಿದ್ದ ಡ್ರೆಸಿಂಗ್ ಒಟ್ಟು ಒಂಬತ್ತು ಟೀ ಚಮಚವಷ್ಟೇ. ಈ ನೀರು ಎಲ್ಲಿಂದ ಬರುತ್ತದೆ ಎಂದು ಪತ್ತೆ ಮಾಡುವುದೇ ಈ ದಿನಚರಿಯ ಉದ್ದೇಶ.

ಮೊದಲ ಸಂಶಯ ಸೊಪ್ಪಿನ ಮೇಲೆಯೇ ಹೋಯಿತು. 150 ಗ್ರಾಂ ಲೆಟ್ಯೂಸ್ ಮತ್ತು ಎಳೆಯ ಪಾಲಕ್ ಎಲೆಗಳನ್ನು ತೊಳೆದು, ಐದು ನಿಮಿಷ ಜರಡಿಯಲ್ಲಿ ಬಸಿಯಲು ಬಿಟ್ಟು ತೂಗಿದಾಗ ತಕ್ಕಡಿ 184 ಗ್ರಾಂ ತೋರಿಸಿತು. ಕೈಗೆ ಒಣಗಿದಂತೆಯೇ ಅನ್ನಿಸುತ್ತಿದ್ದ ಆ ಎಲೆಗಳ ಮಡಿಕೆಗಳಲ್ಲಿ ಅಷ್ಟು ನೀರು ಅಡಗಿತ್ತು. ಗರಗರ ತಿರುಗಿಸುವ ಸ್ಪಿನ್ನರಿನಲ್ಲಿ ಎರಡು ಸಲ ಸುತ್ತಿದ ಮೇಲೆ ತೂಕ 158ಕ್ಕೆ ಇಳಿಯಿತು. ಅನಂತರ ದಪ್ಪ ಹತ್ತಿ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ ಕಾಲು ಗಂಟೆ ಬಿಟ್ಟಾಗ 152ಕ್ಕೆ ಬಂತು. ಬಾಡಿದ ಎಲೆಗಳನ್ನು ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ಮುಳುಗಿಸಿಟ್ಟರೆ ಜೀವಕೋಶಗಳು ನೀರು ಕುಡಿದು ಮತ್ತೆ ಬಿಗಿಯಾಗುತ್ತವೆ, ಎಲೆ ಗರಿಗರಿಯಾಗುತ್ತದೆ. ಎಲೆಯ ಒಳಗಿನ ಆ ನೀರಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ತೊಂದರೆಯೆಲ್ಲ ಹೊರಗೆ ಅಂಟಿಕೊಂಡ ನೀರಿನದು.

ಎರಡನೆಯ ವಾರ

ಎಲೆಯನ್ನು ಬಾಡಿಸುವುದು ಹುಳಿಯೇ ಎಂದು ನಾನು ಬಹುಕಾಲದಿಂದ ನಂಬಿದ್ದೆ. ಅದನ್ನು ಖಚಿತಪಡಿಸಿಕೊಳ್ಳಲು ನಾಲ್ಕು ತಟ್ಟೆಗಳಲ್ಲಿ ಒಂದೇ ಗಿಡದ ಎಲೆಗಳನ್ನಿಟ್ಟು, ಒಂದಕ್ಕೆ ನೀರು, ಇನ್ನೊಂದಕ್ಕೆ ವಿನೆಗರ್, ಮೂರನೆಯದಕ್ಕೆ ಆಲಿವ್ ಎಣ್ಣೆ ಸವರಿ, ನಾಲ್ಕನೆಯದಕ್ಕೆ ಉಪ್ಪು ಉದುರಿಸಿ ಅರ್ಧ ಗಂಟೆ ಕಾದೆ. ನೀರು ಮತ್ತು ವಿನೆಗರ್ ಎರಡೂ ಹನಿಹನಿಯಾಗಿ ಎಲೆಯ ಮೇಲೆ ನಿಂತಿದ್ದವು, ಎಲೆಗಳು ಹೆಚ್ಚುಕಡಿಮೆ ಹಾಗೆಯೇ ಇದ್ದವು. ಎಣ್ಣೆ ಸವರಿದ ಎಲೆ ಮಾತ್ರ ಅಲ್ಲಲ್ಲಿ ಕಡುಹಸಿರಿಗೆ ತಿರುಗಿ, ಎಣ್ಣೆ ಕುಡಿದ ಕಾಗದದಂತೆ ಅರೆಪಾರದರ್ಶಕವಾಗಿ ಜೋಲು ಬಿದ್ದಿತ್ತು. ಎಲೆಯ ಮೇಲ್ಮೈಯಲ್ಲಿರುವ ಮೇಣದ ಪದರ ನೀರನ್ನು ತಡೆಯುತ್ತದೆಯೇ ಹೊರತು ಎಣ್ಣೆಯನ್ನು ತಡೆಯುವುದಿಲ್ಲ. ಒಳಕ್ಕೆ ಇಳಿದ ಎಣ್ಣೆ ಜೀವಕೋಶಗಳ ನಡುವಿನ ಗಾಳಿಯ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಉಪ್ಪಿನ ತಟ್ಟೆಯಲ್ಲಿ ಪ್ರತಿ ಹರಳಿನ ಸುತ್ತ ಒಂದೊಂದು ನೀರಿನ ಮಣಿ ಮೂಡಿತ್ತು. ಇಷ್ಟು ವರ್ಷ ನಾನು ಮೊದಲು ಉಪ್ಪು, ಆಮೇಲೆ ಎಣ್ಣೆ, ಕೊನೆಯಲ್ಲಿ ನಿಂಬೆರಸ ಎಂಬ ಕ್ರಮದಲ್ಲಿ ಸೊಪ್ಪಿನ ಮೇಲೆ ಸುರಿಯುತ್ತಿದ್ದೆ ಎಂಬುದು ನೆನಪಾಗಿ ನಗು ಬಂತು: ಎಲೆಯನ್ನು ಕೆಡಿಸಲು ಅದಕ್ಕಿಂತ ಉತ್ತಮ ಕ್ರಮವಿರಲಾರದು.

ಮೂರನೆಯ ವಾರ

ಹಾಗಾಗಿ ಡ್ರೆಸಿಂಗನ್ನು ಬೇರೆಯಾಗಿಯೇ ಸಿದ್ಧಪಡಿಸಿ, ಎಣ್ಣೆಯೂ ಹುಳಿಯೂ ಒಂದಾದ ಮೇಲೆ ಮಾತ್ರ ಸೊಪ್ಪಿಗೆ ಸೇರಿಸಬೇಕಾಯಿತು. ಮೂರು ಪಾಲು ಎಣ್ಣೆಗೆ ಒಂದು ಪಾಲು ಹುಳಿ ಎಂಬುದು ಎಲ್ಲೆಡೆ ರೂಢಿಯಲ್ಲಿರುವ ಅಳತೆ. ನಾನು ಮೂರು ದೊಡ್ಡ ಚಮಚ ಆಲಿವ್ ಎಣ್ಣೆ, ಒಂದು ದೊಡ್ಡ ಚಮಚ ನಿಂಬೆರಸ, ಅರ್ಧ ಟೀ ಚಮಚ ಅರೆದ ಸಾಸಿವೆ, ಒಂದು ಟೀ ಚಮಚ ಜೇನುತುಪ್ಪ, ಕಾಲು ಟೀ ಚಮಚ ಉಪ್ಪು ಮತ್ತು ಸ್ವಲ್ಪ ಕಾಳುಮೆಣಸಿನ ಪುಡಿಯಿಂದ ಆರಂಭಿಸಿದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲವಾದ್ದರಿಂದ ಅದನ್ನು ಮೊದಲೇ ನಿಂಬೆರಸದಲ್ಲಿ ಕದಡಿ, ಜೇನು ಮತ್ತು ಸಾಸಿವೆ ಸೇರಿಸಿ, ಎಣ್ಣೆಯನ್ನು ಕೊನೆಯಲ್ಲಿ ಹಾಕಿ ಗಾಜಿನ ಬಾಟಲಿಯ ಮುಚ್ಚಳ ಬಿಗಿದು ಕುಲುಕಿದೆ.

ಈ ಹಂತವನ್ನು ಕಣ್ಣಿಗಿಂತ ಕಿವಿಯಿಂದ ತಿಳಿಯುವುದು ಸುಲಭ. ಮೊದಲು ಬಾಟಲಿಯೊಳಗೆ ಚಳಕ್ ಚಳಕ್ ಎಂದು ತೆಳುವಾದ ಸದ್ದು ಬರುತ್ತದೆ. ಇಪ್ಪತ್ತೈದು ಮೂವತ್ತು ಸಲ ಕುಲುಕುವ ಹೊತ್ತಿಗೆ ಅದು ಮಂದವಾಗಿ ಮಜ್ಜಿಗೆ ಕಡೆಯುವಂಥ ಸದ್ದಾಗುತ್ತದೆ, ಹೊಂಬಣ್ಣದ ಎಣ್ಣೆ ತಿಳಿಹಳದಿಯ ಗಟ್ಟಿ ದ್ರವವಾಗುತ್ತದೆ. ಸಾಸಿವೆಯ ಸಿಪ್ಪೆಯಲ್ಲಿರುವ ಲೋಳೆ ಎಣ್ಣೆಯ ಸಣ್ಣ ಹನಿಗಳು ಮತ್ತೆ ಒಂದನ್ನೊಂದು ಕೂಡದಂತೆ ತಡೆಯುತ್ತದೆ, ಜೇನು ದ್ರವವನ್ನು ದಪ್ಪವಾಗಿಸುತ್ತದೆ. ಸಾಸಿವೆ ಇಲ್ಲದೆ ಕುಲುಕಿದ ಬಾಟಲಿ ಕೆಲವೇ ನಿಮಿಷಗಳಲ್ಲಿ ಎರಡು ಪದರವಾಯಿತು. ಸಾಸಿವೆ ಹಾಕಿದ್ದು ನಾನು ಊಟ ಮುಗಿಸಿ ಪಾತ್ರೆ ತೊಳೆದು ಬಂದಾಗಲೂ ಒಂದಾಗಿಯೇ ಇತ್ತು. ಕಿತ್ತಳೆ ಹೆಚ್ಚಾಗಿರುವ ದಿನ ನಿಂಬೆರಸವನ್ನು ಮುಕ್ಕಾಲು ಚಮಚಕ್ಕೆ ಇಳಿಸುವುದು ನನಗೆ ಸರಿಯೆನಿಸಿತು, ಏಕೆಂದರೆ ಹಣ್ಣೇ ತನ್ನ ಪಾಲಿನ ಹುಳಿಯನ್ನು ತಂದಿರುತ್ತದೆ.

ಒಂದು ದಿನ ಬೆಳ್ಳುಳ್ಳಿ ಜಜ್ಜಿ ಹಾಕಿದ್ದೆ, ರುಚಿ ಸೊಗಸಾಗಿತ್ತು. ಆದರೆ ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿಯನ್ನು ಹೊರಗೆ ಇಡುವುದು ಅಪಾಯ: ಗಾಳಿಯಿಲ್ಲದ ಜಾಗದಲ್ಲಿ ಬೊಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಆದ್ದರಿಂದ ಬೆಳ್ಳುಳ್ಳಿಯ ಡ್ರೆಸಿಂಗನ್ನು ಆ ಹೊತ್ತಿಗೆ ಬೇಕಾದಷ್ಟೇ ಮಾಡುತ್ತೇನೆ. ಬೆಳ್ಳುಳ್ಳಿಯಿಲ್ಲದ್ದು ಫ್ರಿಜ್ಜಿನಲ್ಲಿರುತ್ತದೆ, ಅಲ್ಲಿ ಆಲಿವ್ ಎಣ್ಣೆ ಹೆಪ್ಪುಗಟ್ಟುವುದರಿಂದ ಬಳಸುವ ಕಾಲು ಗಂಟೆ ಮೊದಲೇ ಹೊರಗೆ ತೆಗೆಯಬೇಕು.

ನಾಲ್ಕು ಮತ್ತು ಐದನೆಯ ವಾರ

ಸೊಪ್ಪು ಒಣಗಿಸಿದ್ದಾಯಿತು, ಡ್ರೆಸಿಂಗ್ ಸರಿಯಾಯಿತು. ಆದರೂ ತಳದಲ್ಲಿ ಎರಡೂವರೆ ಚಮಚ ನೀರು ಉಳಿಯಿತು. ಈ ಸಲ ಸಿಕ್ಕಿಬಿದ್ದವು ಹಣ್ಣುಗಳು. ಕತ್ತರಿಸಿದ ಹಣ್ಣಿಗೆ ಉಪ್ಪು ತಗುಲಿದರೂ ಸಕ್ಕರೆ ತಗುಲಿದರೂ ರಸ ಬಿಡುತ್ತದೆ. ಹೋಳು ಸಣ್ಣದಾದಷ್ಟೂ ಕತ್ತರಿಸಿದ ಮೈ ಹೆಚ್ಚುತ್ತದೆ, ರಸವೂ ಹೆಚ್ಚು ಇಳಿಯುತ್ತದೆ. ಸೇಬನ್ನು ಚಿಕ್ಕ ಚೌಕಗಳ ಬದಲು ಅಗಲವಾದ ಬಿಲ್ಲೆಗಳಾಗಿ ಕತ್ತರಿಸಿದೆ. ಸ್ಟ್ರಾಬೆರಿಯನ್ನು ಎರಡೇ ಹೋಳು ಮಾಡಿದೆ. ದ್ರಾಕ್ಷಿ ಮತ್ತು ದಾಳಿಂಬೆ ಕಾಳುಗಳನ್ನು ಇಡಿಯಾಗಿಯೇ ಬಿಟ್ಟೆ. ಕಿತ್ತಳೆಯ ಸಿಪ್ಪೆಯನ್ನೂ ಬಿಳಿ ನಾರನ್ನೂ ಚಾಕುವಿನಿಂದ ತೆಗೆದು, ತೊಳೆಗಳನ್ನು ಪೊರೆಗಳ ನಡುವಿನಿಂದ ಬಿಡಿಸಿ, ಆ ಹೊತ್ತಿಗೆ ಸೋರಿದ ರಸವನ್ನು ಚೆಲ್ಲದೆ ಡ್ರೆಸಿಂಗಿಗೆ ಸೇರಿಸಿದೆ. ಸೇಬಿನ ಬಿಲ್ಲೆಗಳನ್ನು ಕತ್ತರಿಸಿದ ಕೂಡಲೇ ನಿಂಬೆರಸದಲ್ಲಿ ಹೊರಳಿಸಿದರೆ ಕಂದು ಬಣ್ಣಕ್ಕೆ ತಿರುಗುವುದು ತಡವಾಗುತ್ತದೆ; ಅದರ ಆಮ್ಲವೂ ಸಿ ಜೀವಸತ್ವವೂ ಆ ಬಣ್ಣ ತರಿಸುವ ಕಿಣ್ವವನ್ನು ಹಿಡಿದಿಡುತ್ತವೆ.

ಐದನೆಯ ವಾರದಲ್ಲಿ ಎಣ್ಣೆಯ ಬದಲು ಗಟ್ಟಿ ಮೊಸರಿನ ಡ್ರೆಸಿಂಗ್ ಮಾಡಿ, ಕಿವಿ ಹಣ್ಣಿನ ಹೋಳುಗಳನ್ನು ಬೆರೆಸಿ, ಒಂದು ಗಂಟೆ ತಣ್ಣಗಾಗಲೆಂದು ಫ್ರಿಜ್ಜಿನಲ್ಲಿಟ್ಟೆ. ಹೊರಗೆ ತೆಗೆದಾಗ ಮೊಸರು ನೀರಾಗಿತ್ತು, ನಾಲಿಗೆಗೆ ಕಹಿ ತಗುಲಿತು. ಮೊಸರು ಹಳತೆಂದು ಅನುಮಾನಿಸಿ ಹೊಸ ಮೊಸರಿನಲ್ಲಿ ಮಾಡಿದರೂ ಅದೇ ಕಥೆ. ಹಸಿ ಕಿವಿ ಹಣ್ಣಿನಲ್ಲಿರುವ ಆಕ್ಟಿನಿಡಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ, ಆ ತುಂಡುಗಳೇ ಕಹಿ. ಅನಾನಸಿನ ಬ್ರೊಮೆಲಿನ್, ಪಪ್ಪಾಯಿಯ ಪಪೈನ್ ಕೂಡ ಇದೇ ಜಾತಿಯವು. ಈ ಮೂರು ಹಣ್ಣುಗಳಿದ್ದ ದಿನ ಇನ್ನು ಎಣ್ಣೆಯ ಡ್ರೆಸಿಂಗೇ ಸೈ.

ಆರನೆಯ ವಾರ

ಈಗಿನ ಕ್ರಮ ಹೀಗಿದೆ. ಒಣಗಿದ ಸೊಪ್ಪನ್ನು ಬೇಕಾದುದಕ್ಕಿಂತ ದೊಡ್ಡ ಬೋಗುಣಿಯಲ್ಲಿ ಹಾಕಿ, ಡ್ರೆಸಿಂಗನ್ನು ಸೊಪ್ಪಿನ ಮೇಲೆ ನೇರವಾಗಿ ಸುರಿಯದೆ ಬೋಗುಣಿಯ ಅಂಚಿನ ಸುತ್ತ ಬಿಟ್ಟು, ಬೆರಳುಗಳಿಂದ ತಳದಿಂದ ಮೇಲಕ್ಕೆ ಮೃದುವಾಗಿ ಎತ್ತಿ ಎತ್ತಿ ಬೆರೆಸುತ್ತೇನೆ. ಎಲೆಗಳು ಹೊಳೆಯತೊಡಗಿದ ಕೂಡಲೇ ನಿಲ್ಲಿಸುತ್ತೇನೆ. ಹಣ್ಣುಗಳನ್ನು ಆಮೇಲೆ ಮೇಲಿನಿಂದ ಹರಡಿ, ಹುರಿದ ಬಾದಾಮಿ ಚೂರುಗಳನ್ನು ಉದುರಿಸಿ ತಕ್ಷಣ ಬಡಿಸುತ್ತೇನೆ. ಒಂಬತ್ತು ಚಮಚ ಡ್ರೆಸಿಂಗ್ ಬೇಕಾಗುತ್ತಿದ್ದ ಜಾಗದಲ್ಲಿ ಈಗ ಐದು ಸಾಕಾಗುತ್ತಿದೆ. ನಿನ್ನೆ ತಳದಲ್ಲಿ ಉಳಿದದ್ದು ಒಂದು ಟೀ ಚಮಚಕ್ಕಿಂತ ಕಡಿಮೆ, ಅದೂ ರುಚಿಯಾಗಿತ್ತು. ರೊಟ್ಟಿಯ ತುಂಡಿನಿಂದ ಒರೆಸಿ ತಿಂದೆ.

ಬಗೆಹರಿಯದೆ ಉಳಿದಿರುವುದು ಡಬ್ಬಿಯ ಪ್ರಶ್ನೆ. ಬೆಳಿಗ್ಗೆ ತುಂಬಿದ ಸಲಾಡು ಮಧ್ಯಾಹ್ನದವರೆಗೆ ನಿಲ್ಲಬೇಕಾದರೆ ಡ್ರೆಸಿಂಗ್ ಅಡಿಯಲ್ಲಿ, ಅದರ ಮೇಲೆ ಇಡೀ ದ್ರಾಕ್ಷಿ ಮತ್ತು ಸೇಬು, ಎಲ್ಲಕ್ಕಿಂತ ಮೇಲೆ ಸೊಪ್ಪು ಇರುವಂತೆ ಎತ್ತರದ ಡಬ್ಬಿಯಲ್ಲಿ ಜೋಡಿಸಬೇಕೆಂದು ಲೆಕ್ಕ ಹಾಕಿದ್ದೇನೆ. ನಾಳೆ ಎರಡು ಡಬ್ಬಿ ತುಂಬುತ್ತೇನೆ, ಒಂದರಲ್ಲಿ ಸೊಪ್ಪಿನ ಕೆಳಗೆ ಮಡಿಸಿದ ಒಣ ಕಾಗದದ ಟವೆಲ್ ಇರುತ್ತದೆ. ಮಧ್ಯಾಹ್ನ ಎರಡನ್ನೂ ತಕ್ಕಡಿಯ ಮೇಲಿಟ್ಟು ನೋಡಬೇಕು.